ವಿಲ್ಮರ್ ಕಡೆ ಹೋಗುವವರಿದ್ದರೆ

ಮೂವತ್ತೊಂದು ವರ್ಷ ಆರ್ಡಿಸ್ ಟೋಲೆಫ್ಸನ್ ನಡೆಸಿಕೊಂಡು ಬಂದಿದ್ದ ಫೋನಿನ ಸರಪಳಿಯನ್ನು ಹೊಸ ಪಾಸ್ಟರ್ ಮೇಗನ್ ಒಂದು ಭಾನುವಾರ ಬೆಳಿಗ್ಗೆ, ಜನ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ, ಮುಚ್ಚಿಬಿಟ್ಟಳು. ಬೈದು ಮುಚ್ಚಲಿಲ್ಲ. ಹೊಗಳಿ ಮುಚ್ಚಿದಳು, ಅದಕ್ಕೇ ಯಾರಿಗೂ ಏನೂ ಅನ್ನಲಾಗಲಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ಆರ್ಡಿಸಳ ಕೈಗೆ ಒಂದು ಹೂವಿನ ಕುಂಡ ಬಂತು, ಅಲ್ಲಿಗೆ ಮುಗಿಯಿತು.

ಸರಪಳಿ ಅಂದರೆ ಘನಂದಾರಿಯೇನಲ್ಲ. ಹ್ಯಾಲ್ವರ್ ಎಂಬ ಆ ಊರಿನಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ತೀರಿಕೊಂಡರೆ, ಯಾರದಾದರೂ ಕೊಟ್ಟಿಗೆಗೆ ಬೆಂಕಿ ಬಿದ್ದರೆ, ಸುದ್ದಿ ಮೊದಲು ಆರ್ಡಿಸಳಿಗೆ ಬರಬೇಕು. ಅವಳು ಇಬ್ಬರಿಗೆ ಫೋನು ಮಾಡಬೇಕು, ಆ ಇಬ್ಬರು ತಲಾ ಇಬ್ಬರಿಗೆ. ಹೀಗೆ ನಲವತ್ತು ಮನೆ ಸುತ್ತಿ, ಪಟ್ಟಿಯ ಕೊನೆಯಲ್ಲಿರುವ ಲವಾನ್ ಹೌಗೆನ್ ತಿರುಗಿ ಆರ್ಡಿಸಳಿಗೆ ಫೋನು ಮಾಡಿ "ನನಗೆ ಮುಟ್ಟಿತು" ಅನ್ನಬೇಕು. ಅರ್ಧ ಗಂಟೆಯಲ್ಲಿ ಊರಿಗೆ ಊರೇ ಪ್ರಾರ್ಥನೆಗೂ ಅಡುಗೆಗೂ ನಿಂತಿರುತ್ತಿತ್ತು. ಲವಾನಳ ಫೋನು ಬರುವ ತನಕ ಆರ್ಡಿಸ್ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಇನ್ನು ಆ ಜನ ಕೇಳುವ ರೀತಿ. ಮಿನ್ನೆಸೋಟದ ಆ ಭಾಗದಲ್ಲಿ ಯಾರೂ ಯಾರನ್ನೂ ಏನನ್ನೂ ನೇರವಾಗಿ ಕೇಳುವುದಿಲ್ಲ. ಮನೆ ಹೊತ್ತಿ ಉರಿಯುತ್ತಿದ್ದರೂ "ನಿಮ್ಮಲ್ಲಿ ಒಂದು ಬಕೆಟ್ಟು ಖಾಲಿಯಿದ್ದರೆ, ಅವಸರವೇನಿಲ್ಲ" ಅನ್ನುವ ಪೈಕಿ. ಯಾರನ್ನಾದರೂ ವಿಲ್ಮರಿನ ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಆರ್ಡಿಸ್ ಫೋನು ಮಾಡಿ ಮೊದಲು ಹವಾಮಾನ ಮಾತಾಡುತ್ತಿದ್ದಳು, ಆಮೇಲೆ ಜೋಳದ ಬೆಳೆ, ಅದಾದ ಮೇಲೆ, "ಮಂಗಳವಾರ ವಿಲ್ಮರ್ ಕಡೆ ಹೋಗೋರು ಯಾರಾದ್ರೂ ಇದ್ದಿದ್ರೆ..." ಎಂದು ನಿಲ್ಲಿಸಿಬಿಡುತ್ತಿದ್ದಳು. ಆ ಸುಮ್ಮನಾಗುವುದೇ ಕೇಳುವುದು. ಎರಡು ಸೆಕೆಂಡು, ಮೂರು ಸೆಕೆಂಡು. ಆಚೆಯವರು ಗಂಟಲು ಸರಿಮಾಡಿಕೊಂಡು, "ನೋಡು, ನಮ್ಗೂ ಅಲ್ಲಿ ಟ್ರ್ಯಾಕ್ಟರಿಗೆ ಒಂದು ಬೆಲ್ಟ್ ತರೋದಿತ್ತು" ಅನ್ನುತ್ತಿದ್ದರು. ಬೆಲ್ಟೂ ಇಲ್ಲ, ಗಿಲ್ಟೂ ಇಲ್ಲ. ಅದು ಇಬ್ಬರಿಗೂ ಗೊತ್ತು. ಹೀಗೆ ಯಾರೂ ಕೇಳದೆ, ಯಾರೂ ಒಪ್ಪದೆ, ಕೆಲಸ ಮಾತ್ರ ಆಗಿಬಿಡುತ್ತಿತ್ತು.

ಪಾಸ್ಟರ್ ಮೇಗನ್ ಒಳ್ಳೆಯವಳೇ. ಮೂವತ್ತರ ಹೆಂಗಸು, ಮೂರು ಊರಿನ ಮೂರು ಚರ್ಚುಗಳನ್ನು ಒಬ್ಬಳೇ ನೋಡಿಕೊಳ್ಳಬೇಕು, ವಾರಕ್ಕೆ ನಾನ್ನೂರು ಮೈಲಿ ಕಾರು ಓಡಿಸುತ್ತಾಳೆ. ಅವಳು ಎಲ್ಲರ ಫೋನಿನಲ್ಲೂ ಒಂದು ಗುಂಪು ಮಾಡಿಕೊಟ್ಟಳು. ಒಂದು ಸಲ ಬರೆದರೆ ಸಾಕು, ಎಲ್ಲರಿಗೂ ಒಟ್ಟಿಗೇ ಮುಟ್ಟುತ್ತದೆ, ಓದಿದವರು ಒಂದು ಕೆಂಪು ಹೃದಯ ಒತ್ತಿದರೆ ಆಯಿತು. "ಆರ್ಡಿಸ್, ನಿಮಗೂ ಇನ್ನು ವಿಶ್ರಾಂತಿ" ಎಂದಳು. ಆರ್ಡಿಸಳಿಗೆ ಎಪ್ಪತ್ತನಾಲ್ಕು. ವಿಶ್ರಾಂತಿ ಎಂದರೆ ಯಾರು ಬೇಡವೆನ್ನುತ್ತಾರೆ?

ಆದರೆ ಈ ವಿಶ್ರಾಂತಿಯಿಂದ ಅವಳಿಗೆ ಆದದ್ದು ಆಯಾಸವೇ. ಬ್ಯಾಂಕಿನ ಕಿಟಕಿಯ ಹಿಂದೆ ಕೂತು ಮೊಮ್ಮಕ್ಕಳ ಸಮಾಚಾರ ಕೇಳುತ್ತಿದ್ದ ಹೆಂಗಸು ಹೋಗಿ ಗೋಡೆಯಲ್ಲಿ ಯಂತ್ರ ಕೂತಿತು. ದಿನಸಿ ಅಂಗಡಿಯಲ್ಲಿ ತಾನೇ ಸಾಮಾನು ಯಂತ್ರಕ್ಕೆ ತೋರಿಸಿ, ತಾನೇ ಚೀಲಕ್ಕೆ ತುಂಬಿಕೊಂಡು, ಅದು ಕೂಗಿಕೊಂಡರೆ ಕಳ್ಳಿಯ ಹಾಗೆ ನಿಂತಿರಬೇಕು. ವಯಸ್ಸಾದವರನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ಸರ್ಕಾರದ ವ್ಯಾನು ಬೇಕಾದರೂ ಈಗ ಫೋನಿನಲ್ಲಿ ಪಾಸ್‌ವರ್ಡ್ ಹೊಡೆಯಬೇಕು. ಮೂರು ಸಲ ತಪ್ಪಿದರೆ ನೀವು ನೀವೇ ಅಲ್ಲ ಅನ್ನುತ್ತದೆ. ಒಂದೊಂದೂ ಸಣ್ಣ ವಿಷಯವೇ. ಎಲ್ಲ ಸೇರಿ ಅವಳಿಗೆ ಸಂಜೆ ನಾಲ್ಕಕ್ಕೇ ಮಲಗಿಬಿಡೋಣ ಅನ್ನಿಸುತ್ತಿತ್ತು.

ಲವಾನ್ ಹೌಗೆನ್ ಬಳಿ ಗುಂಪಿನ ಸಂದೇಶ ಬರುವಂಥ ಫೋನು ಇರಲಿಲ್ಲ. ಅಡುಗೆಮನೆಯ ಗೋಡೆಗೆ ನೇತುಹಾಕಿದ ಹಳೆಯ ಫೋನು ಒಂದೇ. ಎಂಬತ್ತೊಂದು ವರ್ಷ, ಗಂಡ ಹೋಗಿ ಒಂಬತ್ತು ವರ್ಷ, ಮಕ್ಕಳಾಗಿರಲಿಲ್ಲ. ಊರಿನ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವಳು. ಗುಂಪಿನಲ್ಲಿದ್ದ ಅರ್ಧಕ್ಕರ್ಧ ಜನ ಅವಳ ಕೈಯಿಂದ ಬಡಿಸಿಕೊಂಡು ತಿಂದವರೇ. ಹೋದ ವರ್ಷ ಅವಳ ಮೂತ್ರಪಿಂಡಗಳು ಕೈಕೊಟ್ಟವು. ಮಂಗಳವಾರ, ಗುರುವಾರ, ಶನಿವಾರ, ವಾರಕ್ಕೆ ಮೂರು ಸಲ ಮೂವತ್ತೆಂಟು ಮೈಲಿ ದೂರದ ವಿಲ್ಮರಿಗೆ ಹೋಗಿ ನಾಲ್ಕು ಗಂಟೆ ಯಂತ್ರಕ್ಕೆ ತೋಳು ಕೊಟ್ಟು ರಕ್ತ ತೊಳೆಸಿಕೊಂಡು ಬರಬೇಕು. ಡಯಾಲಿಸಿಸ್ ಎಂದರೆ ಒಂದು ದಿನ ತಪ್ಪಿಸುವ ಹಾಗಿಲ್ಲ. ವರ್ಷವಿಡೀ ಅವಳನ್ನು ಕರೆದೊಯ್ದದ್ದು ಆರ್ಡಿಸ್.

ಮಾರ್ಚಿನಲ್ಲಿ ಆರ್ಡಿಸಳ ಕಣ್ಣಿನ ಪೊರೆ ತೆಗೆಯುವ ದಿನ ಗೊತ್ತಾಯಿತು. ಐದು ತಿಂಗಳು ಕಾದು ಸಿಕ್ಕ ದಿನ, ಗುರುವಾರವೇ ಬಿತ್ತು. ಆಸ್ಪತ್ರೆ ಇದ್ದದ್ದು ಸೇಂಟ್ ಕ್ಲೌಡಿನಲ್ಲಿ, ವಿಲ್ಮರಿನ ತದ್ವಿರುದ್ಧ ದಿಕ್ಕಿಗೆ. ಗಂಡ ಡ್ವೇನ್ ಅವಳನ್ನು ಅಲ್ಲಿಗೆ ಕರೆದೊಯ್ಯಬೇಕು, ಮಾರನೆಯ ದಿನ ಮತ್ತೆ ತೋರಿಸಲು ಹೋಗಬೇಕು, ಒಂದು ವಾರ ಅವಳು ಕಾರು ಮುಟ್ಟುವ ಹಾಗಿಲ್ಲ. ಬೆಳಗಿನ ಕತ್ತಲಲ್ಲಿ ಕಾರು ಓಡಿಸುವುದು ಡ್ವೇನನಿಗೆ ಆಗದು. ಗುರುವಾರ, ಶನಿವಾರ ಲವಾನಳನ್ನು ಕರೆದೊಯ್ಯಲು ಬೇರೆ ಯಾರಾದರೂ ಬೇಕಾಯಿತು.

ಸೋಮವಾರ ಬೆಳಿಗ್ಗೆ ಅವಳು ಅಭ್ಯಾಸಬಲದಿಂದ ಹಳೆಯ ಪಟ್ಟಿ ತೆಗೆದು ಮೊದಲ ಹೆಸರಿನ ಮಾರ್ಲಿಸಳಿಗೆ ಫೋನು ಮಾಡಿದಳು. ಮಾರ್ಲಿಸ್ ಎತ್ತಲಿಲ್ಲ. ಎರಡು ನಿಮಿಷಕ್ಕೆ ಸಂದೇಶ ಬಂತು: "ಫೋನ್ ಮಾಡಿದ್ದೆಯಲ್ಲ, ಏನಾದ್ರೂ ಆಯ್ತಾ? ಗುಂಪಿಗೇ ಹಾಕ್ಬಿಡು, ಎಲ್ಲರಿಗೂ ಅನುಕೂಲ." ಕೊನೆಯಲ್ಲಿ ಒಂದು ನಗುವ ಮುಖ.

ಆರ್ಡಿಸ್ ಕನ್ನಡಕ ಏರಿಸಿಕೊಂಡು, ಒಂದೇ ಬೆರಳಿನಲ್ಲಿ, ಅರ್ಧ ಗಂಟೆ ಕೂತು ಬರೆದಳು. "ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಮತ್ತೆ ಹಿಮ ಬೀಳುವ ಹಾಗಿದೆ. ಗುರುವಾರ ನನ್ನ ಕಣ್ಣಿನ ಆಪರೇಷನ್. ಗುರುವಾರ, ಶನಿವಾರ ಬೆಳಿಗ್ಗೆ ವಿಲ್ಮರ್ ಕಡೆ ಹೋಗುವವರಿದ್ದರೆ ಲವಾನ್‌ಗೂ ಜೊತೆಯಾಗುತ್ತಿತ್ತು. ಅವಸರವೇನಿಲ್ಲ."

ಬರೆದು ಎರಡು ಸಲ ಓದಿದಳು. ಮರ್ಯಾದೆಯಾಗಿತ್ತು. ಯಾರ ಮೇಲೂ ಒತ್ತಾಯ ಹಾಕಿದ ಹಾಗಿರಲಿಲ್ಲ. ಫೋನಿನಲ್ಲಾದರೆ ಇಷ್ಟು ಹೇಳಿ ಅವಳು ಸುಮ್ಮನಾಗುತ್ತಿದ್ದಳು, ಆ ಸುಮ್ಮನಿರುವಿಕೆ ಆಚೆಯವರ ಎದೆಗೆ ಹೋಗಿ ತಾಕುತ್ತಿತ್ತು. ಬರಹದಲ್ಲಿ ಸುಮ್ಮನಾಗುವುದು ಹೇಗೆ ಎಂದು ಪಾಸ್ಟರ್ ಹೇಳಿಕೊಟ್ಟಿರಲಿಲ್ಲ, ಇವಳಿಗೂ ಹೊಳೆಯಲಿಲ್ಲ.

ಊಟದ ಹೊತ್ತಿಗೆ ಹನ್ನೆರಡು ಹೃದಯ. ಸಂಜೆಗೆ ನಲವತ್ತೊಂದು. ಕೆಳಗೆ ಮಾತುಗಳೂ ಇದ್ದವು. ಕಣ್ಣು ಬೇಗ ವಾಸಿಯಾಗಲಿ. ಪ್ರಾರ್ಥಿಸುತ್ತಿದ್ದೇವೆ. ಲವಾನ್ ನಮ್ಮ ಬಂಗಾರ. ಆರ್ಡಿಸಳಿಗೆ, ನಿಜ ಹೇಳಬೇಕೆಂದರೆ, ಹೊಟ್ಟೆ ತಣ್ಣಗಾಯಿತು. ಮೂವತ್ತೊಂದು ವರ್ಷದಲ್ಲಿ ಇಷ್ಟು ಬೇಗ ಇಷ್ಟು ಜನ ಓಗೊಟ್ಟಿರಲಿಲ್ಲ.

"ಯಾರು ಹೋಗ್ತಾರಂತೆ?" ಎಂದ ಡ್ವೇನ್, ಟಿವಿಯಿಂದ ಕಣ್ಣು ತೆಗೆಯದೆ.

"ನಲವತ್ತೊಂದು ಜನ ನೋಡಿದ್ದಾರೆ."

"ನೋಡಿದ್ದಾರೆ, ಸರಿ. ಕಾರು ತೆಗೆಯೋರು ಯಾರು?"

"ಅಷ್ಟು ಜನದಲ್ಲಿ ಯಾರೋ ಒಬ್ರು ಹೋಗೇ ಹೋಗ್ತಾರೆ ಬಿಡು. ಯಾರು ಅಂತ ಕೆದಕ್ಕೊಂಡು ಕೂತ್ರೆ ಚೆನ್ನಾಗಿರಲ್ಲ."

"ಅದೂ ಹೌದು" ಎಂದ ಡ್ವೇನ್. ಅವನೂ ಅದೇ ಊರಿನವನಲ್ಲವೇ?

ಅವಳು ಲವಾನಳಿಗೆ ಫೋನು ಮಾಡಿ, "ಎಲ್ಲಾ ಆಗಿದೆ. ಎರಡು ದಿನಾನೂ ಆರೂವರೆಗೆ ಬರ್ತಾರೆ" ಎಂದಳು. ಯಾರು ಬರುತ್ತಾರೆ ಎಂದು ಲವಾನ್ ಕೇಳಲಿಲ್ಲ. ಕೇಳಿದರೆ ನಂಬಿಕೆಯಿಲ್ಲ ಎಂದಾಗುತ್ತದಲ್ಲ.

ಬುಧವಾರ ಸಂಜೆ ನಾಲ್ಕು ಅಂಗುಲ ಹಿಮ ಬಿತ್ತು. ಗುರುವಾರ ಆಪರೇಷನ್ ಸಲೀಸಾಗಿ ಆಯಿತು. ಶುಕ್ರವಾರ ಮತ್ತೆ ಸೇಂಟ್ ಕ್ಲೌಡಿಗೆ ಹೋಗಿ ಬರುವಷ್ಟರಲ್ಲಿ ದಿನ ಕಳೆದಿತ್ತು. ನಡುವೆ ಒಂದೆರಡು ಸಲ ಲವಾನಳಿಗೆ ಫೋನು ಮಾಡೋಣವೆನ್ನಿಸಿತು. ಮಾಡಿದರೆ, ಹೋದೆಯಾ ಎಂದು ಕೇಳಬೇಕು. ಕೇಳಿದರೆ, ಕರೆದೊಯ್ದವರ ಮೇಲೆ ಕಾವಲು ಹಾಕಿದ ಹಾಗಾಗುತ್ತದೆ. ಮಾಡಲಿಲ್ಲ. ಎರಡು ದಿನವೂ ಕಣ್ಣಿನ ಮೇಲೆ ಪಟ್ಟಿ ಹಾಕಿಕೊಂಡು ಚೆನ್ನಾಗಿ ನಿದ್ದೆ ಮಾಡಿದಳು. ಈ ನಿದ್ದೆಗಾಗಿ ಅವಳು ಮುಂದೆ ಎಂದೂ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಲವಾನ್ ವಿಲ್ಮರಿನಲ್ಲಿರಬೇಕಾದ ಹೊತ್ತು, ಅವಳು ಬಂದ ಮೇಲೆ ಬಿಸಿ ಮಾಡಿಕೊಳ್ಳಲಿ ಎಂದು ಆಲೂಗಡ್ಡೆ, ಬೀನ್ಸು, ಕೀಮಾ ಬೇಯಿಸಿದ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಆರ್ಡಿಸ್ ಡ್ವೇನನ ಕಾರಿನಲ್ಲಿ ಹೊರಟಳು. ಹೊಸ ಕಣ್ಣಿಗೆ ಎಲ್ಲವೂ ಕೊರೆದಿಟ್ಟಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಬೇಲಿಯ ತಂತಿ ಕಾಣುತ್ತಿತ್ತು, ತಂತಿಯ ಮೇಲಿನ ಹಕ್ಕಿ ಕಾಣುತ್ತಿತ್ತು. ಲವಾನಳ ಮನೆಯ ತಿರುವಿನಲ್ಲಿ ಅವಳು "ನಿಲ್ಸು" ಎಂದಳು.

ರಸ್ತೆಯಿಂದ ಮನೆಯ ತನಕ ಬುಧವಾರದ ಹಿಮ ಹಾಗೇ ಬಿದ್ದಿತ್ತು. ಮೇಲೆ ಬೆಕ್ಕಿನ ಹೆಜ್ಜೆ ಒಂದು ಸಾಲು. ಕಾರಿನ ಗಾಲಿಯ ಗುರುತು ಒಂದೂ ಇರಲಿಲ್ಲ.

ಡ್ವೇನ್ ಹಿಮದ ಮೇಲೆಯೇ ಕಾರು ನುಗ್ಗಿಸಿದ.

ಲವಾನ್ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದಳು. ಕೋಟು ಹಾಕಿ ಕುತ್ತಿಗೆಯ ತನಕ ಗುಂಡಿ ಹಾಕಿಕೊಂಡಿದ್ದಳು, ತಲೆಗೆ ಉಣ್ಣೆಯ ಟೋಪಿ, ತೊಡೆಯ ಮೇಲೆ ಕೈಚೀಲ. ಕಾಲಿಗೆ ಮಾತ್ರ ಮನೆಯ ಚಪ್ಪಲಿ. ಬೂಟು ಏರದಷ್ಟು ಪಾದಗಳು ಊದಿದ್ದವು. ಮುಖವೂ ಊದಿತ್ತು. ಉಸಿರು ಎಳೆದರೆ ಒಳಗೆ ನೀರು ಕುದಿಯುವ ಸದ್ದು.

"ಓ, ನೀವಾ?" ಎಂದಳು. "ಕಣ್ಣು ಹೇಗಿದೆ, ಆರ್ಡಿಸ್?"

"ಲವಾನ್, ಗುರುವಾರ ಯಾರೂ ಬರ್ಲಿಲ್ವಾ?"

"ಹಿಮ ಬಿದ್ದಿತ್ತಲ್ಲ, ಪಾಪ ಬರೋಕೆ ಆಗಿರಲ್ಲ. ವಿಲ್ಮರಿಂದ ಫೋನ್ ಮಾಡಿದ್ರು. ಶುಕ್ರವಾರ ಜಾಗ ಇದೆ ಬನ್ನಿ ಅಂದ್ರು. ಪರವಾಗಿಲ್ಲ, ಶನಿವಾರವೇ ಬರ್ತೀನಿ ಅಂದೆ." ನಡುನಡುವೆ ನಿಂತು ಉಸಿರು ಹುಡುಕಿಕೊಂಡಳು. "ಇವತ್ತೂ ಆರಕ್ಕೇ ರೆಡಿಯಾಗಿ ಕೂತಿದ್ದೆ."

"ನಂಗೆ ಫೋನ್ ಮಾಡಬಾರ್ದಿತ್ತಾ!"

"ನಿನ್ ಕಣ್ಣು ಕುಯ್ದಿದ್ದಾರೆ. ನಿಂಗೆಲ್ಲಿ ತೊಂದ್ರೆ ಕೊಡ್ಲಿ?"

ಡ್ವೇನ್ ಆಗಲೇ ಗೋಡೆಯ ಫೋನಿನಲ್ಲಿ ಆಂಬುಲೆನ್ಸಿಗೆ ದಾರಿ ಹೇಳುತ್ತಿದ್ದ. ಬೇಯಿಸಿದ ಪಾತ್ರೆ ಎಲ್ಲಿಡಬೇಕೆಂದು ತಿಳಿಯದೆ ಆರ್ಡಿಸ್ ಅದನ್ನು ಹಿಡಿದುಕೊಂಡೇ ನಿಂತಿದ್ದಳು. ಲವಾನ್ ಅದನ್ನು ನೋಡಿ, "ಇಷ್ಟೆಲ್ಲಾ ಯಾಕೆ ಮಾಡೋಕೆ ಹೋದೆ" ಎಂದಳು.

ಲವಾನ್ ಸಾಯಲಿಲ್ಲ. ವಿಲ್ಮರಿನ ಆಸ್ಪತ್ರೆಯಲ್ಲಿ ಅಂದೇ ಯಂತ್ರಕ್ಕೆ ಹಾಕಿದರು, ರಾಶಿ ನೀರು ತೆಗೆದರು, ಸಂಜೆಗೆ ಉಸಿರು ದಾರಿಗೆ ಬಂತು. ಪಾಸ್ಟರ್ ಗುಂಪಿನಲ್ಲಿ ಸುದ್ದಿ ಹಾಕಿದಳು. ಅದಕ್ಕೆ ಅರವತ್ತು ಹೃದಯ ಬಂದವು. ಆರ್ಡಿಸ್ ಎಣಿಸಲಿಲ್ಲ, ಅದು ತಾನೇ ಎಣಿಸಿ ತೋರಿಸುತ್ತದೆ.

ಭಾನುವಾರ ಆರಾಧನೆ ಮುಗಿದು ಎಲ್ಲರೂ ನೆಲಮಾಳಿಗೆಯಲ್ಲಿ ಕಾಫಿಗೆ ಕೂತಾಗ ಆರ್ಡಿಸ್ ಎದ್ದು ನಿಂತಳು. ಹಿಂದೆಂದೂ ಹಾಗೆ ನಿಂತವಳಲ್ಲ. ಎದ್ದದ್ದು ಸಿಟ್ಟಿಗೋ ನಾಚಿಕೆಗೋ ಅವಳಿಗೇ ಗೊತ್ತಿರಲಿಲ್ಲ.

"ಲವಾನ್ ಎರಡು ದಿನ ಕೋಟು ಹಾಕ್ಕೊಂಡು ಕೂತಿದ್ಲು" ಎಂದಳು. "ಯಾರೂ ಹೋಗ್ಲಿಲ್ಲ."

ಜನ ಮುಖ ಮುಖ ನೋಡಿಕೊಂಡರು, ಆಮೇಲೆ ಲೋಟ ನೋಡಿಕೊಂಡರು.

"ನಾನು ಹೃದಯ ಹಾಕಿದ್ನಲ್ಲ" ಎಂದಳು ಮಾರ್ಲಿಸ್, ಅಳು ಬರುವ ಹಾಗೆ. "ಅಷ್ಟೊಂದು ಜನ ಹಾಕಿದ್ರು. ಯಾರೋ ಹೋಗ್ತಿದ್ದಾರೆ ಅಂದ್ಕೊಂಡೆ."

"ಹೃದಯಕ್ಕೆ ಗಾಲಿ ಇರಲ್ಲ ಮಾರ್ಲಿಸ್" ಎಂದ ಡ್ವೇನ್.

ಕರ್ಟಿಸ್ ಎಂಬ ಬೆಳೆಗಾರ, ಲವಾನಳ ಕೈಯಡುಗೆ ಉಂಡು ಬೆಳೆದವನೇ, ಮೆಲ್ಲಗೆ ಹೇಳಿದ: "ಆರ್ಡಿಸ್, ನೀವು ಬರೆದಿದ್ದು ನೋಡಿದ್ರೆ ಅಂಥಾ ಅಗತ್ಯ ಅಂತ ಅನ್ನಿಸ್ಲಿಲ್ಲ. ಅವಸರ ಇಲ್ಲ ಅಂತಾನೇ ಇತ್ತು."

ಅವನು ಹೇಳಿದ್ದು ನಿಜ. ಪಾಸ್ಟರ್ ಮೇಗನ್ ಎದ್ದು ಬಂದು ಅವಳ ಪಕ್ಕ ನಿಂತಳು.

"ತಪ್ಪು ನಂದೂ ಇದೆ. ನಾನೂ ಹೃದಯ ಹಾಕಿದವಳೇ" ಎಂದಳು.

"ತಪ್ಪು ಆಮೇಲೆ ಹಂಚ್ಕೊಳ್ಳೋಣ ಪಾಸ್ಟರ್. ಮಂಗಳವಾರ ಯಾರು ಹೋಗ್ತೀರಿ? ಹೋಗ್ತೀನಿ ಅನ್ನಿ, ಇಲ್ಲಾ ಆಗಲ್ಲ ಅನ್ನಿ. ನಡುವಿನದು ಬೇಡ" ಎಂದಳು ಆರ್ಡಿಸ್, ಎಲ್ಲರ ಕಡೆ ತಿರುಗಿ.

ಇಷ್ಟು ಒರಟಾಗಿ ಆ ನೆಲಮಾಳಿಗೆಯಲ್ಲಿ ಯಾರೂ ಮಾತಾಡಿರಲಿಲ್ಲ. ಕರ್ಟಿಸ್ ಕೈ ಎತ್ತಿದ. ಮಾರ್ಲಿಸ್ ಎತ್ತಿದಳು. ಒಂದು ಕಾಗದದ ಮೇಲೆ ಏಳು ಹೆಸರು ಬಂದವು, ತಲಾ ಮೂರು ಸರದಿ, ಏಳು ವಾರದ ಮಟ್ಟಿಗೆ. ಆರ್ಡಿಸಳಿಗೆ ಗೆದ್ದ ಹಾಗೇನೂ ಅನ್ನಿಸಲಿಲ್ಲ. ಮನೆಗೆ ಹೋಗಿ ಬೂಟು ಬಿಚ್ಚದೆ ಸೋಫಾದ ಮೇಲೆ ಒರಗಿದಳು.

ಸೋಮವಾರ ಮಧ್ಯಾಹ್ನ ಡ್ವೇನ್ ಅವಳನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದ. ಲವಾನ್ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಊತ ಇಳಿದು ಮುಖ ಸಣ್ಣಗೆ, ಹಕ್ಕಿಮರಿಯಷ್ಟಾಗಿತ್ತು.

"ನಿಂಗೆ ಇಲ್ಲೀ ತನಕ ಬರೋ ತೊಂದ್ರೆ" ಎಂದಳು ಲವಾನ್. ಆಮೇಲೆ, ಹವಾಮಾನದ ಸುದ್ದಿ ಹೇಳುವ ಧ್ವನಿಯಲ್ಲೇ, "ಬೆಳಿಗ್ಗೆ ಡಾಕ್ಟ್ರು ಬಂದಿದ್ರು. ಒಳ್ಳೇ ಹುಡುಗ. ಈ ವಯಸ್ಸಿಗೆ ಬೇಡ ಅನ್ನಿಸಿದ್ರೆ ಯಂತ್ರ ನಿಲ್ಲಿಸ್ಬಹುದು ಅಂದ್ರು. ನೋವಾಗದ ಹಾಗೆ ನೋಡ್ಕೋತಾರಂತೆ. ಒಂದು ವಾರವೋ ಹತ್ತು ದಿನವೋ. ಹಾಗೇ ಮಾಡಿ ಅಂದೆ" ಎಂದಳು.

ಆರ್ಡಿಸ್ ಚೀಲದಿಂದ ಕಾಗದ ತೆಗೆದು ಹೊದಿಕೆಯ ಮೇಲೆ ಬಿಡಿಸಿಟ್ಟಳು.

"ನೋಡಿಲ್ಲಿ. ಏಳು ಜನ. ನಾಳೆ ಮನೆಗೆ ಬಿಡೋಕೆ ಕರ್ಟಿಸ್, ಗುರುವಾರ ಮಾರ್ಲಿಸ್. ಎಲ್ಲಾ ಗೊತ್ತು ಮಾಡಿದೀವಿ."

ಲವಾನ್ ಕಾಗದವನ್ನು ದೂರ ಹಿಡಿದು ಒಂದೊಂದೇ ಹೆಸರು ಓದಿದಳು. "ಕರ್ಟಿಸ್‌ಗೆ ಬೆನ್ನು ನೋವಲ್ವಾ? ಮಾರ್ಲಿಸ್ ಬೆಳಿಗ್ಗೆ ಮೊಮ್ಮಕ್ಕಳನ್ನ ನೋಡ್ಕೋಬೇಕು. ಏಳು ಜನ, ಆರ್ಡಿಸ್. ನನ್ನೊಬ್ಬಳಿಗೆ ಏಳು ಜನ." ಕಾಗದ ಮಡಿಸಿ ವಾಪಸು ಕೊಟ್ಟಳು. "ಎಲ್ರಿಗೂ ಥ್ಯಾಂಕ್ಸ್ ಹೇಳು."

"ನೀನು ಯಾರಿಗೂ ಭಾರ ಅಲ್ಲ ಕಣೇ. ಊರಿಗೆ ಊರೇ ನಿನ್ನ ಪ್ರೀತಿಸತ್ತೆ." ಹೇಗಾದರೂ ತೋರಿಸಬೇಕೆಂಬ ಆತುರದಲ್ಲಿ ಆರ್ಡಿಸ್ ಫೋನು ತೆಗೆದು ತನ್ನ ಸಂದೇಶ ಹುಡುಕಿ ಲವಾನಳ ಮುಂದೆ ಹಿಡಿದಳು. "ಇಲ್ ನೋಡು. ಇದು ನಾನು ನಿನ್ ಬಗ್ಗೆ ಬರೆದಿದ್ದು. ಈ ಹೃದಯ ಎಲ್ಲಾ ಅವ್ರು ಹಾಕಿದ್ದು. ನಲವತ್ತೊಂದು ಜನ."

ಲವಾನ್ ಬಹಳ ಹೊತ್ತು ನೋಡಿದಳು. ಯಾರು ಯಾರು ಎಂದು ಹೆಸರು ಕೇಳಿದಳು, ಆರ್ಡಿಸ್ ಓದಿ ಹೇಳಿದಳು. ಆಮೇಲೆ ಮೇಲಿನ ತಾರೀಖಿನ ಮೇಲೆ ಬೆರಳಿಟ್ಟಳು.

"ಇದು ಸೋಮವಾರದ್ದು?"

"ಹೂಂ."

"ಗುರುವಾರಕ್ಕೆ ಮುಂಚೆ?"

ಆರ್ಡಿಸಳಿಗೆ ಆಗ ಹೊಳೆಯಿತು, ತಾನು ಏನು ತೋರಿಸಿಬಿಟ್ಟೆ ಎಂದು. ಫೋನು ಹಿಂದಕ್ಕೆ ತೆಗೆದುಕೊಳ್ಳಲೂ ಆಗಲಿಲ್ಲ.

"ಹಾಗಾದ್ರೆ ಎಲ್ರಿಗೂ ಗೊತ್ತಿತ್ತು" ಎಂದಳು ಲವಾನ್.

"ಲವಾನ್..."

"ನಾನು ಏನಂದ್ಕೊಂಡಿದ್ದೆ ಗೊತ್ತಾ? ಯಾರಿಗೂ ಸುದ್ದಿ ಮುಟ್ಟಿಲ್ಲ ಅಂದ್ಕೊಂಡಿದ್ದೆ. ಆರ್ಡಿಸ್‌ಗೆ ಪಾಪ ಆ ಫೋನು ಸರಿಯಾಗಿ ಬರಲ್ಲ, ಎಲ್ಲೋ ತಪ್ಪು ಒತ್ತಿದಾಳೆ. ಗೊತ್ತಾಗಿದ್ರೆ ಯಾರಾದ್ರೂ ಬರ್ದೇ ಇರ್ತಿರ್ಲಿಲ್ಲ ಅಂತ. ಎರಡು ದಿನ ಅದನ್ನೇ ಹೇಳ್ಕೊಂಡು ಕೂತಿದ್ದೆ." ಅವಳು ಹೊದಿಕೆಯ ಅಂಚನ್ನು ಮಡಿಸಿದಳು. "ಕಿಟಕಿಯಿಂದ ರಸ್ತೆ ಕಾಣತ್ತೆ. ಕಾರುಗಳು ಹೋಗ್ತಿದ್ವು."

ಹಿಮ ಬಿದ್ದಿತ್ತು, ಎಲ್ಲರೂ ಎಲ್ಲರನ್ನೂ ನಂಬಿದ್ದರು, ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಹೀಗೆ ಹೇಳಬಹುದಾದ ನೂರು ಮಾತು ಆರ್ಡಿಸಳ ನಾಲಗೆಯ ತುದಿಗೆ ಬಂದವು. ಅವಳಿಗೇ ಅವುಗಳ ಮೇಲೆ ಹೇಸಿಗೆಯಾಯಿತು.

"ಗೊತ್ತಿತ್ತು" ಎಂದಳು. "ಎಲ್ರಿಗೂ ಗೊತ್ತಿತ್ತು. ನಂಗೂ ಗೊತ್ತಿತ್ತು, ಯಾರೂ ಹೋಗ್ತೀನಿ ಅಂದಿಲ್ಲ ಅಂತ. ಕೇಳೋಕೆ ಸಂಕೋಚ ಪಟ್ಕೊಂಡು ಮಲ್ಕೊಂಡೆ. ಇಷ್ಟೇ ಆಗಿದ್ದು."

ಲವಾನ್ ಗೋಡೆಯ ಕಡೆ ನೋಡುತ್ತಿದ್ದಳು. ಐವತ್ತು ವರ್ಷದ ಸ್ನೇಹದಲ್ಲಿ ಆರ್ಡಿಸ್ ಅವಳ ಕೈ ಹಿಡಿದದ್ದು ಅವಳ ಗಂಡನ ಮಣ್ಣಿನ ದಿನ ಒಂದೇ ಸಲ. ಈಗ ಹಿಡಿದಳು. ತೋಳಿನಲ್ಲಿ ಯಂತ್ರದ ಸೂಜಿ ಚುಚ್ಚಿದ ಕಡೆ ಗಂಟುಗಂಟಾಗಿತ್ತು.

"ಈಗ ಕೇಳ್ತಿದೀನಿ. ಯಾರಿಗೆ ಅನುಕೂಲ, ಯಾರಿಗೆ ತೊಂದ್ರೆ, ಅದು ಬಿಟ್ಬಿಡು. ಡಾಕ್ಟ್ರಿಗೆ ಏನ್ ಹೇಳಿದೆ ಅದೂ ಬಿಡು. ನಿಂಗೆ ಬದುಕ್ಬೇಕಾ, ಲವಾನ್?"

ಹೊರಗೆ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು. ಆರ್ಡಿಸ್ ಬಾಯಿ ಬಿಡಲಿಲ್ಲ, ಕೈಯನ್ನೂ ಬಿಡಲಿಲ್ಲ.

"ಬೇಕು" ಎಂದಳು ಲವಾನ್, ಕೇಳಿಸಿಯೂ ಕೇಳಿಸದ ಹಾಗೆ, ಯಾರದೋ ಪಾಲಿನದನ್ನು ಕೇಳುವವಳ ಹಾಗೆ. "ಇನ್ನೊಂದು ಬೇಸಿಗೆಯಾದ್ರೂ ಬೇಕಿತ್ತು." ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು. ಅವಳು ಅಳುವುದನ್ನು ಆರ್ಡಿಸ್ ನೋಡಿರಲಿಲ್ಲ, ಗಂಡ ಸತ್ತಾಗಲೂ.

ಆರ್ಡಿಸ್ ಹೊರಗೆ ಬಂದಳು. ಹಜಾರದ ಮೇಜಿನ ಹಿಂದೆ ನರ್ಸು ಕಂಪ್ಯೂಟರಿನಲ್ಲಿ ಏನೋ ಬರೆಯುತ್ತಿದ್ದಳು. ಸುಸ್ತಾದ ಮುಖ, ಬೆಳಗಿನಿಂದ ಕೂತಲ್ಲೇ ಕೂತಿರಬೇಕು.

"ಲವಾನ್ ಹೌಗೆನ್‌ಗೆ ನಾಳೆ ಡಯಾಲಿಸಿಸ್ ಮಾಡ್ಬೇಕು" ಎಂದಳು ಆರ್ಡಿಸ್.

ನರ್ಸು ಪರದೆಯ ಮೇಲೆ ಬೆರಳು ಓಡಿಸಿದಳು. "ಇಲ್ಲಿ ಬೇಡ ಅಂತ ಇದೆಯಲ್ಲಮ್ಮ. ನಿಲ್ಲಿಸೋಕೆ ಅವರೇ ಒಪ್ಪಿದ್ದಾರೆ. ಬೆಳಿಗ್ಗೆ ನಾನೇ ಬರ್ಕೊಂಡಿದ್ದು."

"ಅವಳು ಏನಂದ್ಲು? ಅವಳ ಬಾಯಲ್ಲಿ ಬಂದ ಮಾತು ಹೇಳಿ."

ನರ್ಸು ನೆನಪು ಮಾಡಿಕೊಂಡಳು. "ಎಲ್ರಿಗೂ ಯಾವುದು ಸುಲಭವೋ ಹಾಗೆ ಮಾಡಿ ಅಂದ್ರು."

"ಅದು ಉತ್ತರ ಅಲ್ಲ" ಎಂದಳು ಆರ್ಡಿಸ್. "ನೀವು ಈಗ ಬನ್ನಿ. ಇನ್ನೊಂದ್ಸಲ ಕೇಳಿ. ಪರವಾಗಿಲ್ಲ ಅಂತಾಳೆ, ನಿಮಗ್ಯಾಕೆ ತೊಂದ್ರೆ ಅಂತಾಳೆ. ಆಗ ಬರ್ಕೊಳ್ಳೋಕೆ ಹೋಗ್ಬೇಡಿ. ಅಲ್ಲೇ ನಿಂತಿರಿ, ಅವಳಿಗೇನು ಬೇಕು ಅಂತ ಹೇಳೋ ತನಕ."

ನರ್ಸು ಅವಳನ್ನೂ ಪರದೆಯನ್ನೂ ಒಮ್ಮೆ ನೋಡಿದಳು. ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು, ಲವಾನಳ ಕೋಣೆಯ ಕಡೆ ನಡೆದಳು.